ಇರುವೆ ತೋರಿಸಿದ ಫೋರ್‌ಮನ್ ಮಾಮ

ಫೋರ್‌ಮನ್ ಮಾಮನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಾರ್ಖಾನೆಯ ಯಾವುದೋ ಯಂತ್ರ ತಿಂದುಹಾಕಿತ್ತಂತೆ. ಆ ಬೋಳು ಬೆರಳನ್ನೇ ನಮ್ಮ ಮೂಗಿನ ಮುಂದೆ ಆಡಿಸುತ್ತ ಬೈಯುತ್ತಿದ್ದರು: "ಕೂತ್ಕೊಳೋಕೆ ಬರದ ಮುಂಡೇವು, ಟಿ.ವಿ. ನೋಡೋಕೆ ಬಂದಿದಾವೆ."

ಎಪ್ಪತ್ತರ ದಶಕದ ಕೊನೆಯ ಮಾತು. ರಾಜಾಜಿನಗರದ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಎದುರುಮನೆಯ ಈ ಮಾಮನಲ್ಲಿ ಮಾತ್ರ. ಬೆಂಗಳೂರಿಗೆ ಆಗಿನ್ನೂ ಟಿ.ವಿ. ಕೇಂದ್ರವೇ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಪುಣ್ಯಾತ್ಮ ಎಂದು ನಮ್ಮಪ್ಪ ನಗುತ್ತಿದ್ದರು. ಮಾಮ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ತಾರಸಿಯ ಮೇಲೆ ನೀರಿನ ಪೈಪುಗಳನ್ನು ಜೋಡಿಸಿ ತೆಂಗಿನಮರದೆತ್ತರಕ್ಕೆ ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿ ಮದರಾಸಿನ ಕಡೆ ತಿರುಗಿಸಿದರು. ಗಾಳಿ ಮೋಡ ಕೂಡಿಬಂದ ಸಂಜೆ ಅಲ್ಲಿನ ಮಕ್ಕಳ ಕಾರ್ಯಕ್ರಮ ಒಂದಿಷ್ಟು ಹೊತ್ತು ಕಾಣಿಸುತ್ತಿತ್ತು. ಮಿಕ್ಕ ಹೊತ್ತೆಲ್ಲ ಇರುವೆ ಮುತ್ತಿದ ಹಾಗೆ ಪರದೆ ತುಂಬ ಚುಕ್ಕೆಗಳು.

ಮಾಮ ಮೇಲೆ ಕಂಬ ತಿರುಗಿಸುತ್ತ "ಬಂತಾ?" ಎಂದು ಕೂಗುವರು. ನಾವು ಚಾಪೆಯ ಮೇಲಿಂದ "ಇನ್ನೂ ಇರುವೆ, ಮಾಮ" ಎನ್ನುವೆವು. ಆ ಮನೆಯ ಕಟ್ಟಳೆ ಒಂದೇ. ಇರುವೆ ಇರುವಾಗ ಎದ್ದುಹೋದವರಿಗೆ ಚಿತ್ರ ಬಂದ ಮೇಲೆ ಪ್ರವೇಶವಿಲ್ಲ.

ಒಂದು ಸಂಜೆ ಕೊನೆಮನೆಯ ಆಫೀಸರ ಮಗ ಬೇಜಾರಾಗಿ ಗೋಲಿಯಾಟಕ್ಕೆ ಎದ್ದುಹೋದ. ಅಷ್ಟರಲ್ಲಿ ಪರದೆಯ ಮೇಲೆ ಕಾಗೆ ಬೊಂಬೆಯೊಂದು ಮೂಡಿತು. ಓಡಿಬಂದವನಿಗೆ ಬಾಗಿಲಲ್ಲಿ ಬೋಳು ಹೆಬ್ಬೆರಳು ಅಡ್ಡ ಬಂತು. ಆಫೀಸರೇ ಶಿಫಾರಸಿಗೆ ಬಂದರು.

"ಏನ್ರೀ, ಮಗು ಅಳ್ತಾ ಇದೆ. ಒಳಗ್ ಬಿಡ್ರೀ."

"ಚಿತ್ರ ಬಂದ್ಮೇಲೆ ಕತ್ತೆನೂ ನೋಡುತ್ತೆ ಸಾರ್," ಎಂದರು ಮಾಮ. "ಬರೋವರೆಗೂ ಕೂತಿದ್ರಲ್ಲ, ನೋಡೋದು ಅವ್ರಿಗೇ ಗೊತ್ತು."

ಕಾಗೆಯ ಕತೆ ಅರ್ಧಕ್ಕೇ ಇರುವೆಯ ಪಾಲಾಯಿತು. ತಮಿಳೂ ನಮಗೆ ಅಷ್ಟಕ್ಕಷ್ಟೇ. ಆದರೂ ಉಳಿದರ್ಧವನ್ನು ನಾವೇ ಕಟ್ಟಿಕೊಂಡು ಜಗಲಿಯ ಮೇಲೆ ವಾರವೆಲ್ಲ ಜಗಳವಾಡಿದೆವು.

ಈಗಿನ ಮಕ್ಕಳ ಚಾನೆಲ್ಲುಗಳನ್ನು ಕಂಡರೆ ನನಗೆ ವಾಕರಿಕೆ. ಬಣ್ಣ ಕಕ್ಕುವ ಗೊಂಬೆಗಳು, ಕಿವಿ ಹರಿಯುವ ಕಿರುಚಾಟ. ರೆಪ್ಪೆ ಬಡಿಯುವಷ್ಟರಲ್ಲಿ ಚಿತ್ರ ಬದಲಾಗದಿದ್ದರೆ ಗಿರಾಕಿ ಕೈಬಿಟ್ಟುಹೋಗುತ್ತದೆಂಬ ಭಯ ಆ ವ್ಯಾಪಾರಿಗಳಿಗೆ. ಮಗುವಿಗೆ ಅದೂ ನಿಧಾನ. ಮೊಬೈಲು ಹಿಡಿದು ಒಂದಾದ ಮೇಲೊಂದನ್ನು ಬೆರಳಲ್ಲಿ ತಳ್ಳುತ್ತಲೇ ಇರುತ್ತದೆ. ತುತ್ತು ನುಂಗಿಸಲು ಅದನ್ನು ಕೈಗೆ ಕೊಟ್ಟ ಅಪ್ಪ ಅಮ್ಮ "ನಮ್ ಪಾಪು ತುಂಬಾ ಶಾರ್ಪು" ಎಂದು ಬೀಗುತ್ತಾರೆ. ನೊಣವೂ ಚುರುಕೇ, ಒಂದು ಕಡೆ ಕೂರುವುದಿಲ್ಲ. ಅದನ್ನು ಯಾರೂ ಜಾಣ ಎಂದು ಹೊಗಳಿದ್ದು ನಾನು ಕೇಳಿಲ್ಲ.

ಮುಪ್ಪಿನಲ್ಲಿ ಮಾಮನಿಗೆ ಲಕ್ವ ಹೊಡೆಯಿತು. ಒಂದೊಂದು ಮಾತೂ ಹೊರಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಕಾಯುವ ತಾಳ್ಮೆ ಆ ಮನೆಯಲ್ಲಿ ಯಾರಿಗಿತ್ತು? ತುಟಿ ಅಲುಗಿದರೆ ಸಾಕು, "ನೀರಾ? ಮಾತ್ರೆನಾ?" ಎಂದು ತಾವೇ ಮಾತು ಮುಗಿಸಿ ಎದ್ದುಬಿಡುತ್ತಿದ್ದರು. ನಾನು ನೋಡಲು ಹೋದಾಗ, ಕಾಲೇಜು ಓದುವ ಮೊಮ್ಮಗ ಕಾವಲಿಗೆಂದು ಕೂತವನು, ಮೊಬೈಲಿನಲ್ಲಿ ಮುಳುಗಿದ್ದ. ನನಗೆ ಹೇಸಿಗೆಯಾಯಿತು.

ಮಾಮನ ತುಟಿ ನಡುಗುತ್ತಿತ್ತು. ಬರೀ ಗೊರಗೊರ ಸದ್ದು. ನಾನು ಕುರ್ಚಿ ಎಳೆದುಕೊಂಡು ಅವರ ಬಾಯನ್ನೇ ನೋಡುತ್ತ ಕೂತೆ, ಹಿಂದೆ ಚಾಪೆಯ ಮೇಲೆ ಕೂರುತ್ತಿದ್ದ ಹಾಗೆ. ಮೊಮ್ಮಗ ಎದ್ದು ಹೊರಗೆ ಹೋದ. ಕಿಟಕಿಯ ಬಿಸಿಲು ಗೋಡೆಗೆ ಸರಿದ ಮೇಲೆ ಆ ಬೋಳು ಹೆಬ್ಬೆರಳು ಹಾಸಿಗೆಯಿಂದ ತುಸು ಮೇಲೆದ್ದಿತು.

"ಬಂ... ತಾ?"

ನನಗೆ ಅಳು ಬಂತು. "ಬಂತು ಮಾಮ," ಎಂದೆ. "ಕ್ಲಿಯರಾಗಿ ಬಂತು."

ಆ ವಾರವೇ ಅವರು ತೀರಿಕೊಂಡರು. ತಾತ ಕೊನೆಗೆ ನಿಮ್ಮ ಹತ್ತಿರ ಏನೋ ಹೇಳಿದರಂತೆ ಎಂದು ಮೊಮ್ಮಗ ನನ್ನನ್ನು ಕೇಳಿದ. ಕೇಳುವಾಗಲೂ ಹೆಬ್ಬೆರಳು ಮೊಬೈಲಿನ ಮೇಲೆ ಓಡುತ್ತಿತ್ತು. ಉಗುರಿದ್ದ ಹೆಬ್ಬೆರಳು.

"ಕೂತಿದ್ದಿದ್ರೆ ನಿಂಗೂ ಕೇಳಿಸ್ತಿತ್ತು ಕಣೋ," ಎಂದೆ.