ವಾಪಸ್ ಬರಬೇಕಿದ್ದ ಬಸ್ಸು

ನಮ್ಮನೆಯವರಷ್ಟು ಪುಕ್ಕಲು ಮನುಷ್ಯನನ್ನ ನಾನು ಬೇರೆ ಕಂಡಿಲ್ಲ. ಸಿನಿಮಾಕ್ಕೆ ಹೋದ್ರೆ ಪರದೆ ನೋಡೋಕೆ ಮುಂಚೆ ಬಾಗಿಲು ಎಲ್ಲಿದೆ ಅಂತ ನೋಡ್ತಾರೆ. ಅಂಥವರಿಗೆ ಸಿಕ್ಕ ಕೆಲಸವೂ ಅದೇ: ಟ್ರಾಫಿಕ್ ಕಂಟ್ರೋಲ್ ರೂಮಿನಲ್ಲಿ ಕೂತು, ಊರಿಗೆ ಆಪತ್ತು ಬಂದ್ರೆ ಜನ ಯಾವ ರಸ್ತೇಲಿ ಹೊರಗೆ ಹೋಗ್ಬೇಕು ಅಂತ ಪ್ಲಾನ್ ಹಾಕೋದು.

ರಜೆ ಬಂದ್ರೆ ನನ್ನನ್ನೂ ಅತ್ತೇನೂ ಕಾರಲ್ಲಿ ಕೂರಿಸ್ಕೊಂಡು ಆ ದಾರಿಗಳಲ್ಲಿ ಓಡಿಸಿ ನೋಡೋರು. "ಓಡಿ ಹೋಗೋಕೂ ರಿಹರ್ಸಲ್ ಬೇಕೇನೋ?" ಅಂತ ಅತ್ತೆ ಕಾಡಿಸೋರು. ಸೇತುವೆ ದಾಟಿ, ರಸ್ತೆಯ ಇನ್ನೊಂದು ಬದೀಲಿ ಆರಾಮಾಗಿ ವಾಪಸ್ ಬರ್ತಿದ್ವಿ. ಎಡವಟ್ಟಾಗಿದ್ದೇ ಅಲ್ಲಿ.

ಐಸ್ ಫ್ಯಾಕ್ಟರೀಲಿ ಗ್ಯಾಸ್ ಸೋರಿದ ದಿನ ಸೈರನ್ ಕೂಗ್ತು. ಕಾರು ನಮ್ಮನೆಯವರ ಜೊತೆ ಡ್ಯೂಟಿಗೆ ಹೋಗಿತ್ತು. ಅತ್ತೆಗೆ ಮಂಡಿನೋವು, ನಡೆಯೋಕಾಗಲ್ಲ. ಪಕ್ಕದ ಮನೆಯವರೂ ನಾನೂ ಕುರ್ಚಿ ಸಮೇತ ಎತ್ಕೊಂಡು ಶಾಲೆ ಮೈದಾನಕ್ಕೆ ತಂದ್ವಿ. ಗಾಡಿ ಇಲ್ಲದವರನ್ನ ಬಸ್ಸುಗಳು ಕರ್ಕೊಂಡು ಹೋಗೋ ಜಾಗ ಅದು. ಮೊದಲ ಬಸ್ಸುಗಳು ತುಂಬಿ ಹೊರಟ್ವು. ಇಳಿಸಿ ಬಂದ್ಬಿಡ್ತೀವಿ ಅಂದ್ರು ಡ್ರೈವರುಗಳು. ಬರಲೇ ಇಲ್ಲ. ಘಾಟು ಶುರುವಾಯ್ತು, ಕಣ್ಣುರಿ ಬೇರೆ. "ನೀನು ನಡ್ಕೊಂಡು ಹೋಗಮ್ಮ, ನನ್ನ ಬಿಡು" ಅಂದ್ರು ಅತ್ತೆ. "ಸುಮ್ನೆ ಕೂತ್ಕೊಳ್ಳಿ" ಅಂತ ಗದರಿದೆ.

ಕಂಟ್ರೋಲ್ ರೂಮಲ್ಲಿದ್ದ ನಮ್ಮನೆಯವರಿಗೆ ಫೋನ್ ಮಾಡಿದೆ. "ಬಸ್ಸೆಲ್ಲಿ ರೀ?"

ನಕ್ಷೆ ಬಿಡಿಸೋ ಸದ್ದು ಕೇಳಿಸ್ತು. ಆಮೇಲೆ, "ಅಯ್ಯೋ... ರಸ್ತೆಯ ಎರಡೂ ಬದೀನ ಹೊರಗೆ ಹೋಗೋಕೇ ಬಿಟ್ಟಿದೀನಿ ಕಣೇ. ಬಸ್ಸು ಒಳಗೆ ಬರೋಕೆ ದಾರೀನೇ ಇಟ್ಟಿಲ್ಲ."

"ಇಟ್ಟಿಲ್ಲ ಅಂದ್ರೆ ಈಗ ಮಾಡಿ!"

ಅವರ ಸಾಹೇಬರು ಕೂಗಾಡೋದು ಕೇಳಿಸ್ತಿತ್ತು, ಒಂದು ಸಾಲು ತಡೆದ್ರೂ ಸೇತುವೆ ಮೇಲೆ ಜಾಮ್ ಆಗುತ್ತೆ ಅಂತ. ಜನ್ಮದಲ್ಲಿ ಸಾಹೇಬರಿಗೆ ಎದುರು ಮಾತಾಡದ ನಮ್ಮನೆಯವರು, "ತಪ್ಪು ನಂದು ಸಾರ್, ಒಂದು ಸಾಲು ಒಳಗೆ ಬಿಡ್ತೀನಿ" ಅಂದ್ರು. ನನಗೆ ಅಳುವೇ ಬಂತು.

ಕೊನೆಗೂ ಬಸ್ ಬಂತು, ಒಂದೇ ಒಂದು. ಅತ್ತೇನ ಹತ್ತಿಸೋಷ್ಟರಲ್ಲಿ ಕಾಲಿಡೋಕೂ ಜಾಗ ಉಳೀಲಿಲ್ಲ. ಬಸ್ ಹೊರಟ ಮೇಲೆ ಅವರದೇ ಫೋನ್.

"ಅಮ್ಮ ಹತ್ತಿದ್ರಾ?"

"ಹತ್ತಿದ್ರು."

"ಅಬ್ಬಾ! ಆ ಸಾಲು ಮುಚ್ಚು ಅಂತ ಸಾಹೇಬರು ತಲೆ ಮೇಲೆ ಕೂತಿದಾರೆ. ಮುಚ್ಚಲಾ?"

"ನಾನಿನ್ನೂ ಕೆಳಗೇ ಇದೀನಿ ರೀ. ಮೈದಾನದ ತುಂಬ ಜನ ಇದಾರೆ. ಮುಂದಿನ ಬಸ್ಸಿಗೆ ಹತ್ತಲಾ?"

"ಬೇಡ. ನೀನು ಹತ್ತಿಬಿಟ್ರೆ ಇವರಿಗೆ ಹೆದರಿ ಮುಚ್ಚಿಬಿಡ್ತೀನಿ ಕಣೇ. ನೀನು ಎಲ್ಲರಿಗಿಂತ ಕೊನೇಲಿ ಹತ್ತು."

ಕೊನೇಲೇ ಹತ್ತಿದೆ.