ನಿಲ್ಲುವುದನ್ನು ಕಲಿಸಿದ ಅತ್ತೆ

ಅತ್ತೆಯ ಕಾಲ್ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಹೆಬ್ಬೆರಳು ಒಂದು ಕಡೆ, ಕಿರುಬೆರಳು ಇನ್ನೊಂದು ಕಡೆ ಮುಖ ಮಾಡಿಕೊಂಡು, ನಡುವಿನ ಮೂರೂ ದೂರ ದೂರ ಕೂತಿರುತ್ತಿದ್ದವು. ಅಂಗಾಲು ಮಾತ್ರ ನುಣ್ಣಗೆ, ಹಳೆಯ ಹೊಸ್ತಿಲಿನ ಹಾಗೆ ಹೊಳೆಯುತ್ತಿತ್ತು. ಕಂಪ್ಲಿಯ ಅಕ್ಕಿ ಗಿರಣಿಯ ಸಿಮೆಂಟು ಕಣದಲ್ಲಿ ವರ್ಷಗಟ್ಟಲೆ ಬರಿಗಾಲಲ್ಲಿ ಭತ್ತ ತಿರುವಿದ ಕಾಲು ಅದು. ಕುದಿಸಿದ ಭತ್ತವನ್ನು ಕಣದ ತುಂಬ ಹರವಿ, ಹೆಂಗಸರು ಸಾಲಾಗಿ ನಿಂತು, ಪಾದ ಎತ್ತದೆ ಉಜ್ಜುತ್ತ ಹೋಗುತ್ತಾರೆ. ಅವರ ಹಿಂದೆ ನೇಗಿಲ ಸಾಲಿನಂಥ ಗೆರೆಗಳು ಮೂಡಿ, ಒಣಗಿದ ಕಾಳು ಕೆಳಗೆ ಹೋಗಿ ಹಸಿ ಕಾಳು ಬಿಸಿಲಿಗೆ ಬರುತ್ತದೆ. ಉಳಿದವರು ಒಂದು ಸುತ್ತು ಮುಗಿಸುವಷ್ಟರಲ್ಲಿ ಅತ್ತೆ ಎರಡು ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ರವ್ವಾ, ಕಾಲಿಗೆ ಬಾಣಂತನ ಆಗೇತೇನು?" ಎಂದು ಅವರನ್ನು ಕೆಣಕುತ್ತಿದ್ದಳು.

ಅವಳು ನನಗೆ ರಕ್ತಸಂಬಂಧದಲ್ಲಿ ಏನೂ ಅಲ್ಲ. ಬಂಡ್ರಿಯಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದ ಎದುರು ಮನೆಯವಳು. ಓಣಿಯ ಹುಡುಗಿಯರಿಗೆಲ್ಲ ಅತ್ತೆ. ಏಳನೇ ತರಗತಿಯವರೆಗೆ ಊರ ಶಾಲೆಯಲ್ಲಿ ಖೋ ಖೋ ಆಡಿದ್ದಳು, ಏಳರಲ್ಲಿ ಫೇಲಾದಳು, ಅಲ್ಲಿಗೆ ಓದೂ ಆಟವೂ ಮುಗಿಯಿತು. ನಾನು ಇವತ್ತು ಹೊಸಪೇಟೆಯಲ್ಲಿ ಹುಡುಗಿಯರಿಗೆ ಖೋ ಖೋ ಕಲಿಸುತ್ತೇನೆ. ಬೆನ್ನ ಮೇಲೆ ಕೋಚ್ ಎಂದು ಬರೆದ ಟೀ ಶರ್ಟಿದೆ, ಗೋಡೆಯ ಮೇಲೆ ಸರ್ಟಿಫಿಕೇಟಿದೆ. ಆದರೂ ನಿಮ್ಮ ಗುರುಗಳು ಯಾರು ಎಂದು ಯಾರಾದರೂ ಕೇಳಿದರೆ ಅತ್ತೆಯ ವಿಷಯವನ್ನೇ ಹೇಳುತ್ತೇನೆ, ಹೇಳುವಾಗ ನನ್ನ ದನಿ ತಾನಾಗಿಯೇ ಎತ್ತರವಾಗುತ್ತದೆ.

ಸಂಜೆ ನಾಲ್ಕೂವರೆಗೆ ಭತ್ತವನ್ನು ಗುಡ್ಡೆ ಮಾಡಿ ತಾಡಪತ್ರಿ ಮುಚ್ಚಿದರೆ ಕತ್ತಲಾಗುವವರೆಗೆ ಕಣ ಖಾಲಿ. ಆಗ ನಾವು ಹತ್ತು ಹನ್ನೆರಡು ಹುಡುಗಿಯರು ಹಾಜರಾಗುತ್ತಿದ್ದೆವು. ಚಪ್ಪಲಿ ಕಣದ ಹೊರಗೆ. ಮೊದಲು ಉಳಿದ ಕಾಳುಗಳನ್ನೆಲ್ಲ ಆರಿಸಿ, ಕಣ್ಣಿಗೊತ್ತಿಕೊಂಡು ಗುಡ್ಡೆಗೆ ಸೇರಿಸಬೇಕು. ಅನ್ನ ತುಳಿದು ಆಡಿದವರಿಗೆ ಆಟ ಹತ್ತುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ಆಮೇಲೆ ಗಿರಣಿಯ ಹಿಂದಿನಿಂದ ಎರಡು ಬುಟ್ಟಿ ಭತ್ತದ ಹೊಟ್ಟು ತಂದು ಸಿಮೆಂಟಿನ ಮೇಲೆ ಚೆಲ್ಲುತ್ತಿದ್ದಳು. ಅದರ ಮೇಲೆ ಓಡಿ ನೋಡಿದವರಿಗೆ ಗೊತ್ತು, ಎಣ್ಣೆ ಸುರಿದ ನೆಲವೂ ಅದಕ್ಕಿಂತ ಮೇಲು.

"ಓಡಾಕ ನಾಯಿಗೂ ಬರ್ತೈತಿ. ನೀವು ಮೊದ್ಲು ನಿಲ್ಲಾಕ ಕಲೀರಿ," ಎನ್ನುತ್ತಿದ್ದಳು.

ಜೋರಾಗಿ ಓಡಿಬರಬೇಕು, ಅವಳು "ಹಾಂ!" ಎಂದ ಕಡೆ ನಿಂತುಬಿಡಬೇಕು. ನಾವು ಜಾರಿದಷ್ಟು ಉದ್ದ ಹೊಟ್ಟಿನಲ್ಲಿ ಗೆರೆ ಬೀಳುತ್ತಿತ್ತು. ಅತ್ತೆ ಕುಕ್ಕರಗಾಲಲ್ಲಿ ಕೂತು ಆ ಗೆರೆಯನ್ನು ಗೇಣಿನಿಂದ ಅಳೆಯುವಳು. ಮೊದಲ ದಿನ ನನ್ನದು ಐದು ಗೇಣು. "ನಿನ್ನ ನಂಬ್ಕೊಂಡ್ರ ಆಟ ಗಂಗಾವತಿಗೆ ಹೋಗಿ ಮುಗೀತೈತಿ" ಎಂದಿದ್ದಳು. ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕು ಬೆರಳಿಗೆ ಇಳಿಸಿದ್ದೆ. ಸೊಂಟ ಇಳಿಸಿ, ಒಂದೇ ಹೆಜ್ಜೆಯನ್ನು ಒತ್ತಿ ನಿಲ್ಲುವುದು ಅದರ ಗುಟ್ಟು. ಇನ್ನೊಂದು ಪಾಠ ಮೊರದ್ದು. ನಾವು ಬೆನ್ನು ಹಾಕಿ ಕೂರಬೇಕು, ಅವಳು ಹಿಂದೆ ಓಡಾಡುತ್ತ ಎಡಕ್ಕೋ ಬಲಕ್ಕೋ ಮೊರಕ್ಕೆ ಬಡಿಯುತ್ತಾಳೆ, ಸದ್ದು ಬಂದ ಕಡೆಗೆ ಚಂಗನೆ ಏಳಬೇಕು. ಖೋ ಎನ್ನುವ ಕೂಗು ಬರುವುದು ಬೆನ್ನ ಹಿಂದಿನಿಂದಲೇ ತಾನೆ? "ಓಟ ಕಾಲಾಗ ಇರ್ತೈತಿ, ತಿರುವು ಸೊಂಟದಾಗ, ಎಚ್ಚರ ಕಿವ್ಯಾಗ" ಎಂಬುದು ಅವಳ ಒಂದೇ ಸಾಲಿನ ಸಿಲಬಸ್ಸು. ಮುಂದೆ ನಾನು ಕೋರ್ಸಿಗೆ ಸೇರಿದಾಗ ಇದನ್ನೇ ಸ್ಪೀಡ್, ಅಜಿಲಿಟಿ, ಕ್ವಿಕ್‌ನೆಸ್ ಎಂದು ಮೂರು ತಿಂಗಳು ಕಲಿಸಿದರು. ನೆಲದ ಮೇಲೆ ಹಗ್ಗದ ಏಣಿ ಹಾಸಿ ಅದರ ಮನೆಗಳಲ್ಲಿ ಪಟಪಟ ಕಾಲಾಡಿಸಲು ಹೇಳಿದಾಗ ನಾನು ನಕ್ಕುಬಿಟ್ಟೆ, ಬೈಸಿಕೊಂಡೆ. ಕಣದ ಹೆಂಗಸರು ಪಾದ ಎತ್ತದೆಯೇ ದಿನವಿಡೀ ಮಾಡುವ ಕಾಲಾಟ ಅದು.

ನಮ್ಮವ್ವ ನಾಟಿಗೆ ಹೋಗುತ್ತಿದ್ದಳು. ಏಳನೇ ತರಗತಿ ಮುಗಿದರೆ ನಾನೂ ಅವಳ ಜೊತೆ ಗದ್ದೆಗೆ ಇಳಿಯುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅದನ್ನು ತಪ್ಪಿಸಲು ಇದ್ದದ್ದು ಒಂದೇ ದಾರಿ, ಕ್ರೀಡಾ ಹಾಸ್ಟೆಲು. ಅಲ್ಲಿ ಸೀಟು ಸಿಕ್ಕರೆ ಊಟ, ಓದು, ಆಟ ಎಲ್ಲವೂ ಅವರದೇ. ಅದಕ್ಕೆ ಆಯ್ಕೆ ನಡೆಯುವುದು ಹೊಸಪೇಟೆಯಲ್ಲಿ. ಅತ್ತೆ ಗಿರಣಿಗೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿ ನೋಡಿದರೆ ಮಣ್ಣಿನ ಅಂಕಣವಿಲ್ಲ, ನೀಲಿ ಮ್ಯಾಟು ಹಾಸಿದ್ದಾರೆ, ಬೂಟು ಹಾಕದೆ ಮ್ಯಾಟಿನ ಮೇಲೆ ಕಾಲಿಡುವಂತಿಲ್ಲ. ಯಾರದೋ ಬೂಟು ಇಸಿದುಕೊಂಡು ಇಳಿದೆ. ಕಂಬದ ಹತ್ತಿರ ಅತ್ತೆ ಹೇಳಿಕೊಟ್ಟಂತೆಯೇ ಸೊಂಟ ಇಳಿಸಿ ಹೆಜ್ಜೆ ಒತ್ತಿದೆ. ಬೂಟು ಮ್ಯಾಟಿಗೆ ಕಚ್ಚಿಕೊಂಡಿತು, ಮೈ ಮುಂದೆ ಹೋಯಿತು. ಮೂರು ಸಲ ಬಿದ್ದೆ. ಮೂರನೆಯ ಸಲ ಮೂಗಿನಿಂದ ರಕ್ತ ಬಂತು, ಹೊರಗೆ ಕಳಿಸಿದರು.

ವಾಪಸು ಬಸ್ಸಿನಲ್ಲಿ ನಾನು ಅಳುತ್ತ, "ನಂಗ ಬರಾಂಗಿಲ್ಲ ಬಿಡತ್ತಿ" ಎಂದೆ.

"ನಿಂದಲ್ಲ ತಪ್ಪು, ನಂದು," ಎಂದಳು. "ಜಾರೋ ನೆಲದ ಮ್ಯಾಲೆ ಕಲಿಸಿ, ಜಾರದ ನೆಲಕ್ಕ ಕಳಿಸೀನಿ. ಬೂಟು ಅಂದ್ರೇನಂತ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೆಂಗ ಕಲಿಸ್ಲಿ?"

ಮಕ್ಕಳೆದುರು ತಪ್ಪು ನಂದು ಎಂದ ದೊಡ್ಡವರನ್ನು ನಾನು ಅದೇ ಮೊದಲು ನೋಡಿದ್ದು.

ಮರುವಾರ ಸಂತೆಯಲ್ಲಿ ಗಂಡಸರ ಬೂಟುಗಳನ್ನು ಒಂದೊಂದಾಗಿ ತುಳಿದು ನೋಡಿ, ಆ ಅಗಲ ಕಾಲು ಹಿಡಿಯುವ ಜೋಡಿಯೊಂದನ್ನು ಹುಡುಕಿ ತಂದಳು. ನಲವತ್ತೈದರ ಹೆಂಗಸು, ಹುಟ್ಟಿದಾಗಿನಿಂದ ಬೂಟು ಕಂಡ ಕಾಲಲ್ಲ. ನೆಲ ಬೇಕಲ್ಲ, ಅದಕ್ಕೂ ದಾರಿ ಹುಡುಕಿದಳು. ಸಂಡೂರಿನ ಗಣಿಗಳಲ್ಲಿ ಅದಿರು ಸಾಗಿಸಿ ಸವೆದ ರಬ್ಬರಿನ ಬೆಲ್ಟನ್ನು ಕೊಯ್ದು ಮಾರುತ್ತಾರೆ. ಎಮ್ಮೆ ಜಾರಬಾರದೆಂದು ನಮ್ಮ ಕಡೆ ಕೊಟ್ಟಿಗೆಗೆ ಹಾಸುತ್ತಾರೆ. ಓಣಿಯ ಎಮ್ಮೆ ಸಾಕಿದವರ ಮನೆಗೆ ಹೋಗಿ, "ರಾತ್ರಿ ನಿಮ್ಮ ಎಮ್ಮಿಗೆ, ಸಂಜಿ ನಮ್ಮ ಹುಡುಗ್ಯಾರಿಗೆ" ಎಂದು ಒಪ್ಪಿಸಿದಳು. ದಿನಾ ಸೆಗಣಿ ತೊಳೆದು ಹೊತ್ತು ತರುವವಳೂ ಅವಳೇ. ಮೊದಲ ದಿನ ನಮ್ಮನ್ನು ಓಡಿಸಲಿಲ್ಲ. ಸೀರೆಯನ್ನು ಮೇಲಕ್ಕೆ ಕಟ್ಟಿ, ಬೂಟು ಹಾಕಿಕೊಂಡು ತಾನೇ ಓಡಿದಳು. ಹೆಜ್ಜೆ ಒತ್ತಿದಳು. ದೊಪ್ಪನೆ ಬಿದ್ದಳು. ಮೂಟೆ ಹೊರುತ್ತಿದ್ದ ಹಮಾಲರೆಲ್ಲ ನಿಂತು ನಕ್ಕರು. ಎದ್ದು ಮತ್ತೆ ಓಡಿದಳು, ಮತ್ತೆ ಬಿದ್ದಳು. ನಾಲ್ಕೈದು ದಿನ ಹೀಗೆ ಬಿದ್ದು ಎದ್ದು, ಮೊಣಕೈಗೆ ಅರಿಶಿನ ಮೆತ್ತಿಕೊಂಡು ಕೂತವಳು ಒಂದು ಸಂಜೆ ನನ್ನನ್ನು ಕೂಗಿ ಕರೆದಳು.

"ಗೊತ್ತಾತು ಬಾ. ಹೊಟ್ಟಿನ ಮ್ಯಾಲೆ ಒಂದು ದೊಡ್ಡ ಹೆಜ್ಜಿ. ರಬ್ಬರ್ ಮ್ಯಾಲೆ ಮೂರು ಸಣ್ಣ ಹೆಜ್ಜಿ. ಬ್ರೇಕ್ ಒಮ್ಮೆಲೆ ಒತ್ತಬಾರ್ದು."

ಸಂತೆಯ ಹಳೆಯ ಬೂಟುಗಳನ್ನು ಸರದಿಯಲ್ಲಿ ಹಾಕಿಕೊಂಡು ಒಂದು ವರ್ಷ ಅದೊಂದನ್ನೇ ಮಾಡಿದೆವು. ಏಳರ ಪರೀಕ್ಷೆ ಮುಗಿಯಿತು. ಅವ್ವ ನಾಟಿ ಮೇಸ್ತ್ರಿಗೆ ನನ್ನ ಹೆಸರು ಹೇಳಿಟ್ಟಿದ್ದಳು. "ಈ ಸಲ ಆಗ್ಲಿಲ್ಲಂದ್ರ ಜೂನ್‌ದಾಗ ನಾಟಿಗೆ ಬರ್ತಾಳ" ಎಂದು ಅತ್ತೆಗೆ ನೇರವಾಗಿಯೇ ಹೇಳಿದಳು. ವಯಸ್ಸಿನ ಮಿತಿಯಲ್ಲಿ ನನಗೆ ಉಳಿದಿದ್ದುದೂ ಅದೊಂದೇ ಸಲ.

ಆ ವರ್ಷ ಆಯ್ಕೆಗೆ ಹೊಸ ಸಾಹೇಬರು ಬಂದಿದ್ದರು, ಹೊಸ ನಿಯಮ ತಂದಿದ್ದರು. ಮೊದಲು ಮೂವತ್ತು ಮೀಟರ್ ನೇರ ಓಟ. ಅದರಲ್ಲಿ ಮುಂದೆ ಬಂದ ಹನ್ನೆರಡು ಮಂದಿಗೆ ಮಾತ್ರ ಮ್ಯಾಟು. ನನಗಿಂತ ಒಂದು ಗೇಣು ಎತ್ತರದ ಹುಡುಗಿಯರು ಬಂದಿದ್ದರು. ಪಟ್ಟಿ ಓದಿದರು, ನನ್ನ ಹೆಸರಿರಲಿಲ್ಲ. ಗೇಟಿನ ಹೊರಗೆ ಹೆತ್ತವರ ಗುಂಪಿನಲ್ಲಿ ನಿಂತಿದ್ದ ಅತ್ತೆಯ ಹತ್ತಿರ ಓಡಿದೆ.

"ಏನು ಓಡಿಸಿದ್ರು?"

"ಮೂವತ್ತು ಮೀಟರ್, ನೆಟ್ಟಗ."

"ಕಂಬ ಸುತ್ತಿಸ್ಲಿಲ್ಲಾ? ತಿರುಗಿಸ್ಲಿಲ್ಲಾ?"

"ಇಲ್ಲತ್ತಿ."

ಗಿರಣಿಯಲ್ಲಿ ಗುಮಾಸ್ತ ಬಂದರೂ ಎದ್ದು ಬದಿಗೆ ಸರಿಯುತ್ತಿದ್ದ ಹೆಂಗಸು ಅವಳು. ಗೇಟಿನಲ್ಲೇ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಸಾಹೇಬರ ಮೇಜಿಗೆ ಹೋದಳು. ನಾನು ಹಿಂದೆ ಹಿಂದೆ.

"ನಮಸ್ಕಾರ್ರಿ ಸಾಹೇಬ್ರ. ಒಂದು ಮಾತು ಕೇಳ್ಲೇನ್ರಿ?"

"ಲಿಸ್ಟ್ ಆಗಿದೆಯಮ್ಮ. ಮುಂದಿನ ವರ್ಷ ಬನ್ನಿ."

"ಮುಂದಿನ ವರ್ಷ ಅಕಿಗೆ ವಯಸ್ಸು ದಾಟ್ತೈತ್ರಿ. ನಾ ಲಿಸ್ಟ್ ಕೇಳಾಕತ್ತಿಲ್ಲ. ಖೋ ಖೋ ಆಟದಾಗ ಮೂವತ್ತು ಮೀಟರ್ ನೆಟ್ಟಗ ಓಡೋ ಜಾಗ ಎಲ್ಲೈತಿ, ಅದೊಂದು ತೋರಿಸ್ರಿ."

ಸಾಹೇಬರು ಮ್ಯಾಟಿನ ಕಡೆ ತಿರುಗಿ ನೋಡಿದರು. ಈ ಕಂಬದಿಂದ ಆ ಕಂಬಕ್ಕೂ ಅಷ್ಟು ದೂರವಿರಲಿಲ್ಲ.

"ಯಾರಮ್ಮ ನೀವು?"

"ಅಕಿಗೆ ಕಲಿಸ್ದಾಕಿರಿ. ಕಂಪ್ಲಿ ಗಿರಣ್ಯಾಗ ಭತ್ತ ತಿರುವ್ತೀನಿ." ಯಾರೋ ಹಿಂದೆ ಕಿಸಕ್ಕೆಂದರು. ಅತ್ತೆ ಆ ಕಡೆ ನೋಡಲೂ ಇಲ್ಲ. "ಹೋದ ವರ್ಷ ನಾನೂ ತಪ್ಪು ಕಲಿಸಿದ್ದೆರಿ, ಈ ಕೂಸು ಇಲ್ಲೇ ಬಿದ್ದು ಮೂಗು ಒಡ್ಕೊಂಡ್ತು. ನಂದ ತಪ್ಪು ಅಂತ ಒಪ್ಕೊಂಡು ತಿದ್ದಾಕ ನನಗ ಒಂದು ವರ್ಷ ಹಿಡೀತು. ನಿಮಗ ಐದು ನಿಮಿಷ ಸಾಕ್ರಿ."

ಬೈದು ಕಳಿಸುತ್ತಾರೆ ಎಂದುಕೊಂಡೆ. ಆ ಸಾಹೇಬರೂ ದೊಡ್ಡ ಮನುಷ್ಯರೇ. ಮೇಜು ಬಿಟ್ಟು ಎದ್ದು ಸೀಟಿ ಊದಿದರು. ಪಟ್ಟಿಯಲ್ಲಿ ಬಿಟ್ಟುಹೋದವರೂ ಸೇರಿ ಎಲ್ಲರೂ ಬೂಟು ಕಟ್ಟಿಕೊಳ್ಳಿ, ಕಂಬ ಸುತ್ತಿಸುತ್ತೇನೆ ಎಂದರು.

ನನ್ನ ಜೊತೆ ಇಳಿದವಳು ಓಟದಲ್ಲಿ ಮೊದಲು ಬಂದ ಉದ್ದ ಕಾಲಿನ ಹುಡುಗಿ. ಕಂಬದವರೆಗೆ ಅವಳೇ ಮುಂದೆ. ಕಂಬದ ಹತ್ತಿರ ನಾನು ಮೂರು ಸಣ್ಣ ಹೆಜ್ಜೆ ಇಟ್ಟು ತಿರುಗಿದೆ. ಅವಳು ಕಂಬ ದಾಟಿ ಎಲ್ಲಿಗೋ ಹೋಗಿ ತಿರುಗಿಕೊಳ್ಳುವಷ್ಟರಲ್ಲಿ ನಾನು ಅರ್ಧ ಮ್ಯಾಟು ಹಿಂದಕ್ಕೆ ಬಂದಾಗಿತ್ತು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ಸಾಹೇಬರು ಹಳೆಯ ಪಟ್ಟಿ ಹರಿದು ಹೊಸದು ಬರೆದರು. ಬಿಟ್ಟುಹೋಗಿದ್ದವರಲ್ಲಿ ನಾಲ್ವರು ಒಳಗೆ ಬಂದೆವು, ನನ್ನ ಹೆಸರು ಎರಡನೆಯದು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿಂದೆವು. ಅತ್ತೆ ಸಪ್ಲೈಯರ್ ಹುಡುಗನಿಗೆ, ಪಕ್ಕದ ಟೇಬಲ್ಲಿನವರಿಗೆ, ಕೊನೆಗೆ ಕಂಡಕ್ಟರಿಗೂ, "ಈಕಿ ನಮ್ಮಾಕಿರಿ, ಹಾಸ್ಟೆಲ್ಲಿಗೆ ತಗೊಂಡಾರ" ಎಂದು ಹೇಳಿದಳು. ತಾನು ಸಾಹೇಬರಿಗೆ ಏನು ಹೇಳಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಓಣಿಯಲ್ಲಿ ಅದನ್ನು ಹೇಳಿಕೊಂಡು ತಿರುಗಿದ್ದು ನಾನು.

ಅತ್ತೆ ಹೋಗಿ ಎರಡು ವರ್ಷವಾಯಿತು. ಜ್ವರಕ್ಕೆ ಆಸ್ಪತ್ರೆ ಯಾಕೆ ಎನ್ನುತ್ತಲೇ ಹೋದಳು. ಅವಳ ಮಣ್ಣಿಗೆ ಎಲ್ಲೆಲ್ಲಿಂದಲೋ ನಾವೆಲ್ಲ ಸೇರಿದ್ದೆವು. ಒಬ್ಬಳು ಪೊಲೀಸು, ಒಬ್ಬಳು ದೋಣಿಮಲೈ ಶಾಲೆಯಲ್ಲಿ ಟೀಚರು, ಇಬ್ಬರು ಇನ್ನೂ ನಾಟಿಗೆ ಹೋಗುವವರು. ಅವರಿಗೆ ಸೀಟು ತಪ್ಪಿತ್ತು, ಆದರೆ ಎಲ್ಲರಿಗಿಂತ ಜೋರಾಗಿ ಅತ್ತವರು ಅವರೇ.

ಹೋದ ವರ್ಷ ಅದೇ ಹಾಸ್ಟೆಲಿನ ಆಯ್ಕೆಗೆ ನನ್ನನ್ನು ಕರೆದಿದ್ದರು. ಓಟ, ತಿರುವು, ಎಚ್ಚರ ಎಲ್ಲಕ್ಕೂ ಪರೀಕ್ಷೆ ಇಟ್ಟಿದ್ದೆ. ಇನ್ನು ಯಾರೂ ಬೆರಳು ತೋರಿಸುವಂತಿಲ್ಲ ಎಂಬ ಜಂಬವೂ ಒಳಗೊಳಗೆ ಇತ್ತು. ಪಟ್ಟಿ ಓದಿದ ಮೇಲೆ ಗೇಟಿನ ತನಕ ನಡೆದುಹೋಗಿ, ಹೊರಗೆ ನಿಂತಿದ್ದ ಹೆತ್ತವರಿಗೆ, "ನಾವು ಏನಾರ ತಪ್ಪು ಮಾಡೀವಿ ಅನ್ಸಿದ್ರ ಒಳಗ ಬಂದು ಹೇಳ್ರಿ" ಎಂದೆ. ಗುಂಪಿನಿಂದ ಬುತ್ತಿಯ ಚೀಲ ಹಿಡಿದ ಹೆಂಗಸೊಬ್ಬಳು ಮುಂದೆ ಬಂದಳು.

"ತಪ್ಪು ತಿಳೀಬ್ಯಾಡ್ರಿ ಮೇಡಂ. ನಮ್ಮ ಹುಡುಗಿ ಎಡಗೈಯಾಕಿ, ಎಡಕ್ಕ ಭಾಳ ಚಲೋ ತಿರುಗ್ತಾಳ. ನೀವು ಎಲ್ಲಾರ್ನೂ ಬರೀ ಬಲಕ್ಕ ತಿರುಗಿಸಿದ್ರಿ."

ನಿಜವಾಗಿತ್ತು. ಹಿಂದಕ್ಕೆ ಬಂದು, ಪಟ್ಟಿಯನ್ನು ಎಲ್ಲರೆದುರೇ ಹರಿದೆ. "ತಪ್ಪು ನಂದು. ಎಲ್ಲಾರೂ ಮತ್ತ ಸಾಲಿಗೆ ಬರ್ರಿ" ಎಂದೆ.