ಉಡಚವ್ವ ಹೊದಿಸಿದ ಕೌದಿ

ಉಡಚವ್ವನ ಬಾಯಿಗೆ ಬೀಗವಿರಲಿಲ್ಲ. ಹಾಗಂತ ಆಕೆ ಚಾಡಿ ಹೇಳುವವಳಲ್ಲ, ಪ್ರಶ್ನೆ ಕೇಳುವವಳು. ತನ್ನೂರು ಬೈರಿದೇವರಕೊಪ್ಪದಿಂದ ಆಕೆ ದಿನಾ ಬರುವ ಬಸ್ಸಿನ ಕಂಡಕ್ಟರನಿಗೂ ಆಕೆಯನ್ನು ಕಂಡರೆ ದಿಗಿಲು. ಟಿಕೆಟ್ಟಿನ ಮೇಲೆ ಇಷ್ಟೊಂದು ತೂತು ಯಾಕೆ ಎಂಬಲ್ಲಿಂದ ಶುರುವಾದರೆ ಇಳಿಯುವ ತನಕ ಮುಗಿಯುತ್ತಿರಲಿಲ್ಲ. ಮೊದಲು ದೇಶಪಾಂಡೆ ನಗರದ ಒಂದು ಖಾನಾವಳಿಯಲ್ಲಿ ವರ್ಷಾನುಗಟ್ಟಲೆ ಹಾಲಿಗೆ ಹೆಪ್ಪು ಹಾಕಿದವಳು. ಖಾನಾವಳಿ ಮುಚ್ಚಿದ ಮೇಲೆ, 2004ರಲ್ಲಿ, ಗೋಕುಲ ರಸ್ತೆಯ ಸಣ್ಣದೊಂದು ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಹಿಡಿದಳು. ಇಷ್ಟು ಹಿಡಿಸಿದ ಕೆಲಸ ಆಕೆಗೆ ಹಿಂದೆಂದೂ ಸಿಕ್ಕಿರಲಿಲ್ಲ. ಕಂಡದ್ದೆಲ್ಲ ಹೊಸದು, ಕೇಳಿದಷ್ಟೂ ಮುಗಿಯದು. "ತೊಳಿಯೋದು ಕಡಿಮಿ, ಕೇಳೋದ ಭಾಳ" ಎಂದು ಮಾಲಕ ಫಕೀರೇಶ ಗೊಣಗುತ್ತಿದ್ದ.

ಅಲ್ಲಿ ದೂರದ ಊರುಗಳ ಸಂಶೋಧಕರಿಗಾಗಿ ಲಿಮ್ ಕೈನೇಸ್ ಎಂಬ ಮನುಷ್ಯರ ಪ್ರೋಟೀನು ತಯಾರಾಗುತ್ತಿತ್ತು. ತಯಾರಿಸುವವಳು ಪೂನಮ್, ಧಾರವಾಡದಲ್ಲಿ ಎಂ.ಎಸ್ಸಿ. ಓದಿ ಬಂದ ಹುಡುಗಿ.

"ಮನಶ್ಯಾರದು ಅಂತೀರಿ. ಯಾವ ಮನಶ್ಯಾಂದ್ರಿ ಬಾಯಾರ?"

"ಯಾರೋ ಒಬ್ಬರದಲ್ರಿ, ಎಲ್ಲಾರದೂ. ನಿಮ್ಮ ಮೈಯಾಗೂ ಐತಿ, ನನ್ನ ಮೈಯಾಗೂ ಐತಿ. ಅದನ್ನ ಮಾಡೋ ರೀತಿ ಹೇಳಿಕೊಡೋ ಒಂದು ಜೀನ್ ಬ್ಯಾಕ್ಟೀರಿಯಾದೊಳಗ ಸೇರಿಸೇವಿ. ಅವು ನಮ್ಮ ಸಲುವಾಗಿ ಮಾಡಿಕೊಡತಾವ."

"ಮೈಯಾಗ ಕುಂತು ಅದೇನ ಮಾಡತೈತಿ?"

"ಜೀವಕೋಶದಾಗ ಆಕ್ಟಿನ್ ಅಂತ ಸಣ್ಣ ಸಣ್ಣ ಎಳಿ ಇರತಾವ್ರಿ, ಡೇರೇಕ್ಕ ಹಗ್ಗ ಇದ್ದಂಗ. ಆ ಹಗ್ಗ ಕತ್ತರಸಾಕ ಒಬ್ಬಾವ ಇರತಾನ. ಈ ಕೈನೇಸ್ ಅವನ ಕೈ ಹಿಡದು, ತಡಿ ಅಂತೈತಿ."

ಅಂದು ಬಸ್ಸಿನಲ್ಲಿ ಉಡಚವ್ವ ಕಂಡಕ್ಟರನನ್ನು ಬಿಟ್ಟು ತನ್ನ ಅಂಗೈಯನ್ನೇ ನೋಡುತ್ತ ಕುಳಿತಳು. ಒಳಗೆ ಯಾರು ಯಾರ ಕೈ ಹಿಡಿದಿದ್ದಾರೋ!

ಆ ಡಿಸೆಂಬರಿನಲ್ಲಿ ಪೂನಮ್‌ಳ ಪ್ರೋಟೀನು ಮೇಲಿಂದ ಮೇಲೆ ಕೈಕೊಟ್ಟಿತ್ತು. ಈ ಸಲವೂ ಕೆಟ್ಟರೆ ಬೇರೆ ಕೆಲಸ ನೋಡಿಕೊಳ್ಳಬೇಕು ಎಂದು ಫಕೀರೇಶ ಮುಖಕ್ಕೆ ಹೊಡೆದಂತೆ ಹೇಳಿದ್ದ. ಬೆಳಗಿನಿಂದ ಬೆಚ್ಚಗಿಟ್ಟು ಬೆಳೆಸಿದ ಬ್ಯಾಕ್ಟೀರಿಯಾದ ಫ್ಲಾಸ್ಕನ್ನು ಸಂಜೆ ಅವಳು ಕುಲುಕುವ ಯಂತ್ರದ ಮೇಲಿಟ್ಟು, ಎಸಿ ಹಾಕಿ ಕೋಣೆಯನ್ನು ತಣ್ಣಗೆ ಮಾಡಿದಳು.

"ಬಾಯಾರ, ಇಂಥಾ ಥಂಡ್ಯಾಗ ಮತ್ತ ಎಸಿ ಯಾಕ್ರಿ?"

"ಉಡಚವ್ವಾರ, ಇವತ್ತೊಂದಿನ ಬಾಯಿ ಮುಚಗೊಂಡ ಇರ್ರಿ!"

ಬಾಯೇನೋ ಮುಚ್ಚಿತು, ಮನಸ್ಸು ಮುಚ್ಚಬೇಕಲ್ಲ? ಚಿಂತೆಯಲ್ಲಿ ಹುಡುಗಿಗೆ ಮೈಮೇಲೆ ಎಚ್ಚರವಿಲ್ಲ, ಮಧ್ಯಾಹ್ನದ ಸೆಕೆಗೆ ಹಾಕಬೇಕಾದ್ದನ್ನು ಈಗ ಹಾಕಿದ್ದಾಳೆ ಅಂದುಕೊಂಡಳು. ಚಳಿಯಲ್ಲಿ ಹೆಪ್ಪು ಹಿಡಿಯುವುದುಂಟೇ? ಖಾನಾವಳಿಯಲ್ಲಿ ಚಳಿಗಾಲ ಬಂತೆಂದರೆ ಗಡಿಗೆಗೆ ಕೌದಿ ಸುತ್ತಿಯೇ ಆಕೆ ಮನೆಗೆ ಹೋಗುತ್ತಿದ್ದದ್ದು. ಪೂನಮ್ ಹೊರಟ ಮೇಲೆ ಎಸಿ ಆರಿಸಿ, ತಾನು ಕೂರಲು ಹಾಸಿಕೊಳ್ಳುತ್ತಿದ್ದ ಕೌದಿಯನ್ನು ಯಂತ್ರಕ್ಕೆ ಮುಚ್ಚಿದಳು, ಹೆತ್ತ ಮಗುವಿಗೆ ಹೊದಿಸುವಷ್ಟು ಅಕ್ಕರೆಯಿಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೌದಿ ಮಡಚಿ, ಎಸಿ ಮತ್ತೆ ಹಾಕಿದಳು. ಎಚ್ಚರ ತಪ್ಪಿ ಎಸಿ ಹಾಕಿದ್ದು ಗೊತ್ತಾದರೆ ಹುಡುಗಿ ನಾಚಿಕೊಂಡಾಳು ಎಂದು ಆಕೆಯ ಕಾಳಜಿ. ಫ್ಲಾಸ್ಕಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ದ್ರಾವಣ ಮಂದವಾದದ್ದು ಕಂಡು ಒಳಗೊಳಗೇ ಹಿಗ್ಗಿದಳು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಮಧ್ಯಾಹ್ನ ಪೂನಮ್ ಬ್ಯಾಕ್ಟೀರಿಯಾ ಒಡೆದು ನೋಡಿದರೆ, ನೀರಿನಲ್ಲಿ ಕರಗಿರಬೇಕಾದ ಪ್ರೋಟೀನು ಬೆಳ್ಳಗೆ ಗಂಟುಗಟ್ಟಿ ನಳಿಕೆಯ ತಳದಲ್ಲಿ ಕೂತಿತ್ತು. ಯಾವ ಕೆಲಸಕ್ಕೂ ಬಾರದ್ದು.

"ನಾಳಿಂದ ಬರಬ್ಯಾಡ್ರಿ," ಎಂದ ಫಕೀರೇಶ. ಪೂನಮ್ ತಲೆ ತಗ್ಗಿಸಿದಳು.

ಆ ಎಸಿ ಮೈಮರೆತು ಹಾಕಿದ್ದಲ್ಲ, ಬೇಕೆಂದೇ ಹಾಕಿದ್ದು ಎಂದು ಬಾಗಿಲಲ್ಲಿ ನಿಂತಿದ್ದ ಉಡಚವ್ವನಿಗೆ ಆಗ ಹೊಳೆಯಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಬಾಯಾರದ ತಪ್ಪಿಲ್ರಿ. ಎಸಿ ಆರಿಸಿ ಕೌದಿ ಹೊಚ್ಚಿದಾಕಿ ನಾನ್ರಿ."

ಫಕೀರೇಶ ಹಣೆ ಬಡಿದುಕೊಂಡ. "ಹಂಗಾರ ನೀನ ಬರಬ್ಯಾಡ!" ಎಂದವನೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಉಡಚವ್ವ ಅಳಲಿಲ್ಲ. ಕೈಚೀಲ ಹೆಗಲಿಗೇರಿಸಿ ಪೂನಮ್‌ಳ ಹತ್ತಿರ ಬಂದಳು. "ಹೊಂಟೇನ್ರಿ. ಆ ಗಂಟಾದದ್ದನ್ನ ಒಮ್ಮೆ ತೋರಸ್ರಿ."

ಪೂನಮ್ ನಳಿಕೆ ಕೊಟ್ಟಳು. ಉಡಚವ್ವ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಥಂಡಿ ಯಾಕ ಬೇಕಿತ್ರಿ?"

"ಬೆಚ್ಚಗಿದ್ರ ಬ್ಯಾಕ್ಟೀರಿಯಾ ಗಡಿಬಿಡಿಲೇ ಮಾಡತಾವ್ರಿ. ಪ್ರೋಟೀನಿಗೆ ಸರಿಯಾಗಿ ಮಡಚಿಕೊಳ್ಳಾಕ ಪುರಸೊತ್ತ ಸಿಗೂದಿಲ್ಲ, ಒಂದಕ್ಕೊಂದು ಅಂಟಿ ಗಂಟಾಗತೈತಿ. ಥಂಡ್ಯಾಗ ಸಾವಕಾಶ ಮಾಡತಾವ, ಆಗ ಛಲೋ ಬರತೈತಿ."

"ಹೌದ?" ಉಡಚವ್ವನ ಮುಖ ಅರಳಿತು. ಆಮೇಲೆ ಮೆಲ್ಲಗೆ, "ಇಷ್ಟ ಹೇಳಾಕ ನಿನ್ನಿ ಎಷ್ಟೊತ್ತ ಹಿಡೀತಿತ್ರಿ ಬಾಯಾರ?" ಎಂದಳು.

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಎಲ್ಲವನ್ನೂ ಕೇಳುವಂತೆ ಇದನ್ನೂ ಕೇಳಿದ್ದಳು. ಪೂನಮ್‌ಳ ಕಣ್ಣು ತುಂಬಿ ಬಂತು. ಉಡಚವ್ವನನ್ನು ಕರೆದುಕೊಂಡು ನೆಟ್ಟಗೆ ಹೋಗಿ ಫಕೀರೇಶನ ಬಾಗಿಲು ಬಡಿದು ತೆರೆಸಿದಳು.

"ಸರ್, ಇವರು ನಿನ್ನಿ ಕೇಳಿದ್ರು. ನಾನ ಬಾಯಿ ಮುಚ್ಚಿಸಿದೆ. ಬಿಡಸೋದಿದ್ರ ಇಬ್ಬರನೂ ಬಿಡಸ್ರಿ."

ಫಕೀರೇಶ ಇಬ್ಬರ ಮುಖವನ್ನೂ ನೋಡಿದ. "ಮತ್ತೊಮ್ಮೆ ಮಾಡ್ರಿ," ಎಂದ. "ಆದರ ಮೊದಲ ಈಕಿ ಕೇಳಿದ್ದಕ್ಕೆಲ್ಲಾ ಉತ್ತರಾ ಕೊಟ್ಟ ಮಾಡ್ರಿ."